ಜೊತೆಗೆ ಬಂದವನ ಕಣ್ಣು

ತಂಗಿಗೆ ಲೇಸರ್ ಮಾಡಿಸೋಣ ಅಂತ ಅಣ್ಣ ಕರೆದುಕೊಂಡು ಬಂದಿದ್ದ. ಕೊನೆಗೆ ಮೊದಲು ಟೇಬಲ್ ಹತ್ತಿದ್ದು ಅಣ್ಣ. ತಂಗಿಗೂ ಆಪರೇಷನ್ ಆಯಿತು, ಆದರೆ ಲೇಸರ್ ಅಲ್ಲ. ಚಷ್ಮಾ ಬಿಡಿಸುವ ಆಪರೇಷನ್ ಬಗ್ಗೆ ಯಾರೇ ಕೇಳಿದರೂ ಈಗ ನಾನು ಹೇಳುವುದು ಈ ಮನೆಯ ಸಂಗತಿಯನ್ನೇ. ಅರ್ಧಂಬರ್ಧ ಹೇಳಿದರೆ ತಪ್ಪು ಅರ್ಥ ಆಗುತ್ತೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ. ಹೆಸರು, ಹಳ್ಳಿ ಬಿಟ್ಟಿದ್ದೇನೆ.

ನಾನು ಡಾಕ್ಟರ್ ಅಲ್ಲ. ಕಲಬುರಗಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಪ್ಟೊಮೆಟ್ರಿಸ್ಟ್. ಜನರ ಮಾತಿನಲ್ಲಿ 'ನಂಬರ್ ತೆಗಿಯೋ ಸರ್'. ನಮ್ಮಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಪದರ, ಅಳೆಯುವ ಮೆಷಿನ್ ಇದೆ, ಆಪರೇಷನ್ ಥಿಯೇಟರ್ ಇದೆ. ಚಷ್ಮಾ ಬಿಡಿಸುವ ಲ್ಯಾಸಿಕ್ ಆಪರೇಷನ್ ಮಾಡುವ ಲೇಸರ್ ಇಲ್ಲ. ಅದು ಬೇಕಾದವರನ್ನು ಹೈದರಾಬಾದಿಗೋ ಸೋಲಾಪುರಕ್ಕೋ ಕಳಿಸುತ್ತೇವೆ.

ಜನವರಿ ತಿಂಗಳು. ಊರ ಕಡೆ ತೊಗರಿ ರಾಶಿ ನಡೆದ ಹೊತ್ತು. ಅಣ್ಣನಿಗೆ 27. ಕಪನೂರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್. ಅರ್ಧ ದಿನ ರಜೆ ಹಾಕಿ ನೇರ ಮಿಲ್ಲಿನಿಂದಲೇ ಬಂದಿದ್ದ, ಅಂಗಿಯ ತೋಳಿನ ಮೇಲೆ ಬೇಳೆಯ ಪುಡಿ ಹಾಗೇ ಇತ್ತು. ತಂಗಿಗೆ 24. ಬಿ.ಎಡ್ ಮುಗಿಸಿ ಖಾಸಗಿ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಮೇ ತಿಂಗಳಿಗೆ ಮದುವೆ ನಿಕ್ಕಿಯಾಗಿತ್ತು. ಜೊತೆಗೆ ಅವ್ವ.

"ಮದುವಿ ಮುಂದ ಚಷ್ಮಾ ಬ್ಯಾಡ್ರಿ ಸರ್. ಫೋಟೋದಾಗ ಚಂದ ಕಾಣಲ್ಲ," ಅಂದರು ಅವ್ವ.

ಹುಡುಗಿ ಅವ್ವನ ಕಡೆ ನೋಡಿ ಸುಮ್ಮನಾದಳು. ಆಮೇಲೆ ಪರೀಕ್ಷೆಯ ಕೋಣೆಯಲ್ಲಿ ತನ್ನ ಕಾರಣ ಹೇಳಿದಳು. ರೊಟ್ಟಿ ಬಡಿಯುವಾಗ ಹಂಚಿನ ಹಬೆಗೆ ಗಾಜು ಮಬ್ಬಾಗುತ್ತೆ. ಚಷ್ಮಾ ಕಳಚಿಟ್ಟರೆ ಹಂಚೇ ಕಾಣಲ್ಲ. "ಎರಡು ಸಲ ಕೈ ಸುಟ್ಕೊಂಡೀನ್ರಿ," ಅಂತ ಬೆರಳು ತೋರಿಸಿದಳು.

ಬಲಗಣ್ಣಿಗೆ ಮೈನಸ್ 8, ಜೊತೆಗೆ ಸಿಲಿಂಡರ್ (ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗದಿದ್ದಾಗ ಕೊಡುವ ನಂಬರ್) 1. ಎಡಗಣ್ಣಿಗೆ ಮೈನಸ್ 7.25, ಸಿಲಿಂಡರ್ 0.75. ಮೈನಸ್ 8 ಅಂದರೆ ಎಷ್ಟು ಅಂತ ಚಷ್ಮಾ ಇಲ್ಲದವರಿಗೆ ಗೊತ್ತಾಗಲ್ಲ. ನೂರನ್ನು ಎಂಟರಿಂದ ಭಾಗಿಸಿ. ಹನ್ನೆರಡೂವರೆ ಸೆಂಟಿಮೀಟರ್. ಅವಳಿಗೆ ಸ್ಪಷ್ಟವಾಗಿ ಕಾಣುವುದು ಅಷ್ಟು ದೂರ ಮಾತ್ರ. ಅರ್ಧ ಗೇಣು. ಅದರಾಚೆ ಎಲ್ಲ ಮಂಜು.

ಅಣ್ಣ ಆಗಲೇ ದೊಡ್ಡ ಊರಿನ ಒಂದು ಸೆಂಟರ್‌ಗೆ ಫೋನ್ ಮಾಡಿ ವಿಚಾರಿಸಿದ್ದ. ನಂಬರ್ 10ರ ತನಕ ಲೇಸರ್ ಆಗುತ್ತೆ, ಬನ್ನಿ ಅಂದಿದ್ದರಂತೆ. ಕಣ್ಣು ನೋಡದೆ ಫೋನಿನಲ್ಲೇ! ನಮ್ಮ ಹತ್ತಿರ ಬಂದದ್ದು ಸುಮ್ನೆ ಒಂದು ಸಲ ತೋರಿಸಿಕೊಂಡು ಹೋಗೋಣ ಅಂತ.

ಆ ದಿನ ಮುಖ್ಯ ಪರೀಕ್ಷೆ ಆಗಲೇ ಇಲ್ಲ. ಹುಡುಗಿ ಕಾರ್ಯಕ್ರಮ ಇದ್ದಾಗ ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದಳು. ಹಿಂದಿನ ದಿನವೂ ಹಾಕಿದ್ದಳು. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ ಆಕಾರವನ್ನು ಸ್ವಲ್ಪ ಒತ್ತಿ ಬದಲಿಸಿರುತ್ತೆ. ಮೆತ್ತನೆಯ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಇನ್ನೂ ಜಾಸ್ತಿ ದಿನ ಬಿಟ್ಟು ಅಳೆಯಬೇಕು. ಎರಡು ವಾರ ಬಿಟ್ಟು ಬನ್ನಿ ಅಂದೆ. ಅಣ್ಣನಿಗೆ ಸಿಟ್ಟು ಬಂತು. "ರಜಾ ಹಾಕಿ ಬಂದೀನ್ರಿ ಸರ್, ಇವತ್ತ ಮುಗಿಸ್ರಿ." ಆಗಲ್ಲ ತಮ್ಮಾ ಅಂದೆ. ಗೊಣಗುತ್ತಾ ಹೋದ. ವಾಪಸ್ ಬರಲ್ಲ ಅಂದುಕೊಂಡಿದ್ದೆ. ಬಂದರು.

ಜನವರಿ ಕೊನೆಗೆ ಅಳತೆ ಆಯಿತು. ನಂಬರ್ ಎರಡು ವರ್ಷದಿಂದ ಹಾಗೇ ಇದೆ, ಅದು ಒಳ್ಳೆಯದು. ವರ್ಷದಲ್ಲಿ ಅರ್ಧ ನಂಬರ್‌ಗಿಂತ ಜಾಸ್ತಿ ಬದಲಾಗುತ್ತಿದ್ದರೆ ಯಾವ ಆಪರೇಷನ್ನೂ ಬೇಡ. ಕಾರ್ನಿಯಾದ ಮೇಲ್ಮೈ ನಕ್ಷೆ ಸಾಪಾಗಿತ್ತು. ದಪ್ಪ ಮಾತ್ರ ಕಡಿಮೆ. ಬಲಗಣ್ಣಿಗೆ 508 ಮೈಕ್ರಾನ್, ಎಡಗಣ್ಣಿಗೆ 511. ಸಾಮಾನ್ಯವಾಗಿ 540 ಆಸುಪಾಸು ಇರುತ್ತೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಹಾಗಾಗಿ ಕಾರ್ನಿಯಾ ಅನ್ನೋದು ಒಟ್ಟು ಅರ್ಧ ಮಿಲಿಮೀಟರಿನ ಸಂಗತಿ. ಇಷ್ಟೆಲ್ಲ ಆಪರೇಷನ್, ಜಾಹೀರಾತು, ಜಗಳ ಎಲ್ಲ ಆ ಅರ್ಧ ಮಿಲಿಮೀಟರಿನ ಒಳಗೇ.

ಡಾಕ್ಟರ್ ಮೂವರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದರು. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಮೇಲೆ ತೆಳ್ಳಗಿನ ಮುಚ್ಚಳ ಕತ್ತರಿಸಿ, ಪುಸ್ತಕದ ರಟ್ಟು ತೆರೆದ ಹಾಗೆ ಒಂದು ಕಡೆ ಮಡಚುತ್ತಾರೆ. ಕೆಳಗಿನ ಪದರವನ್ನು ಎಕ್ಸೈಮರ್ ಲೇಸರ್ ಸವೆಸುತ್ತೆ. ಮುಚ್ಚಳ ವಾಪಸ್ ಇಟ್ಟರೆ ಮುಗಿಯಿತು, ಹೊಲಿಗೆ ಇಲ್ಲ. ಲೇಸರ್ ಬೆಳಕು ಕಣ್ಣಿನ ಮೇಲೆ ಇರುವುದು ಒಂದು ನಿಮಿಷಕ್ಕಿಂತ ಕಡಿಮೆ. ನೋವು ಕಡಿಮೆ, ಮರುದಿನವೇ ಬಹಳಷ್ಟು ಜನರಿಗೆ ಚೆನ್ನಾಗಿ ಕಾಣುತ್ತೆ. ಜನ ಇದಕ್ಕೇ ಮರುಳಾಗುವುದು, ತಪ್ಪೇನಿಲ್ಲ. ಸರಿಯಾದ ಕಣ್ಣಿಗೆ ಇದು ನಿಜಕ್ಕೂ ಒಳ್ಳೆಯ ಆಪರೇಷನ್.

ಅಣ್ಣ ಮೆಷಿನ್ ಮನುಷ್ಯ. ಇದನ್ನು ಯಾರು ಕಂಡುಹಿಡಿದರು ಅಂತ ಕೇಳಿದ. ಡಾಕ್ಟರಿಗೆ ಇಂಥ ಪ್ರಶ್ನೆ ಅಂದರೆ ಖುಷಿ. ಕಾರ್ನಿಯಾ ಕಡೆದು ನಂಬರ್ ತೆಗೆಯುವ ವಿಚಾರ ಸ್ಪೇನ್‌ನಲ್ಲಿ ಹುಟ್ಟಿ ಆಮೇಲೆ ಕೊಲಂಬಿಯಾದ ಬೊಗೊಟಾದಲ್ಲಿ ನೆಲೆಸಿದ ಹೋಸೆ ಬರ್ರಾಕೆರ್ ಅವರದು, 1940ರ ದಶಕದ ಕೊನೆಗೆ. ಮುಂದೆ ಅವರು ಕಾರ್ನಿಯಾದ ತುಂಡನ್ನು ಹೆಪ್ಪುಗಟ್ಟಿಸಿ, ಸಣ್ಣ ಲೇತ್ ಮೇಲೆ ತಿರುಗಿಸಿ ಕಡೆದು, ವಾಪಸ್ ಕಣ್ಣಿಗೆ ಹೊಲಿಯುತ್ತಿದ್ದರು. ಮುಚ್ಚಳ ಮತ್ತು ಎಕ್ಸೈಮರ್ ಲೇಸರನ್ನು ಜೋಡಿಸಿ ಲ್ಯಾಸಿಕ್ ರೂಪ ಕೊಟ್ಟವರು ಗ್ರೀಸ್‌ನ ಇಯಾನಿಸ್ ಪಲ್ಲಿಕಾರಿಸ್, 1990ರ ಹೊತ್ತಿಗೆ.

"ಅಂದ್ರ ಬ್ಯಾಳಿ ಪಾಲಿಶ್ ಮಾಡಿದಂಗ ಅನ್ರಿ," ಅಂದ ಅಣ್ಣ. "ಜಾಸ್ತಿ ತಿಕ್ಕಿದ್ರ ನುಚ್ಚಾಗ್ತದ."

ಹದಿನೈದು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಇದನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಡಾಕ್ಟರ್ ಅದೇ ಲೆಕ್ಕ ಬರೆದು ತೋರಿಸಿದರು. ಮುಚ್ಚಳಕ್ಕೆ 110 ಮೈಕ್ರಾನ್. ಒಂದು ನಂಬರಿಗೆ ಸುಮಾರು 14ರಂತೆ, ಸಿಲಿಂಡರಿನ ಅರ್ಧ ಸೇರಿಸಿ ಎಂಟೂವರೆ ನಂಬರಿಗೆ 119. ಎರಡೂ ಕೂಡಿ 229. 508ರಲ್ಲಿ ಕಳೆದರೆ ಉಳಿಯೋದು 279. ಕೆಳಗಿನ ಪದರ 250ಕ್ಕಿಂತ ಕಡಿಮೆ ಆಗಬಾರದು ಅನ್ನೋದು ಹಳೇ ಗೆರೆ, ನಮ್ಮ ಡಾಕ್ಟರ್ 300 ಬೇಕು ಅಂತಾರೆ. ಇನ್ನೊಂದು ಲೆಕ್ಕ, ಒಟ್ಟು ದಪ್ಪದಲ್ಲಿ ಎಷ್ಟು ಪಾಲು ಮುಟ್ಟಿದೆವು ಅನ್ನೋದು. 40 ಪರ್ಸೆಂಟ್ ದಾಟಿದರೆ ಅಪಾಯ ಏರುತ್ತೆ. ಇಲ್ಲಿ 45. ಫೋನಿನಲ್ಲಿ ಹೇಳಿದ ಆ ಸೆಂಟರ್‌ನವರು ಮಾಡಿಬಿಡುತ್ತಿದ್ದರೋ, ಅಳತೆ ನೋಡಿ ಬೇಡ ಅನ್ನುತ್ತಿದ್ದರೋ ಹೇಳಲಾರೆ. ಫೋನಿನಲ್ಲಿ ಅವರ ಮುಂದೆ ಇದ್ದದ್ದು ನಂಬರ್ ಒಂದೇ. ದಪ್ಪ ಇರಲಿಲ್ಲ.

ಸ್ಮೈಲ್ ಅನ್ನುವ ಇನ್ನೊಂದು ಲೇಸರ್ ಆಪರೇಷನ್ ಬಗ್ಗೆಯೂ ಕೇಳಿದರು. ಅದರಲ್ಲಿ ಮುಚ್ಚಳ ಇಲ್ಲ. ಫೆಮ್ಟೊಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೇ ತೆಳ್ಳಗಿನ ಬಿಲ್ಲೆಯೊಂದನ್ನು ಬಿಡಿಸುತ್ತೆ. 2ರಿಂದ 4 ಮಿಲಿಮೀಟರ್ ಸೀಳಿನಿಂದ ಆ ಬಿಲ್ಲೆಯನ್ನು ಎಳೆದು ತೆಗೆಯುತ್ತಾರೆ. ನರಗಳು ಕಡಿಮೆ ಕಡಿಯುವುದರಿಂದ ಕಣ್ಣು ಒಣಗುವ ಕಾಟ ಸ್ವಲ್ಪ ಕಡಿಮೆ. ಆದರೆ ತೆಗೆಯುವ ತಿರುಳು ಕಡಿಮೆಯಲ್ಲ. ಇವಳಿಗೆ ಅದೂ ಹೊಂದಲ್ಲ.

ಉಳಿದದ್ದು ಎರಡು. ಒಂದು ಪಿಆರ್‌ಕೆ. ಮುಚ್ಚಳ ಕತ್ತರಿಸದೆ, ಕಾರ್ನಿಯಾದ ಮೇಲಿನ ಸಿಪ್ಪೆಯಂಥ ಪದರ ತೆಗೆದು ನೇರ ಅಲ್ಲೇ ಲೇಸರ್ ಕೊಡುವುದು. ಸಿಪ್ಪೆ 50 ಮೈಕ್ರಾನ್, ಲೇಸರ್ 119, ಉಳಿಯೋದು 339. ಸಿಪ್ಪೆ ಮತ್ತೆ ಬೆಳೆಯುತ್ತೆ. ಲೆಕ್ಕ ಕೂಡುತ್ತೆ. ಆದರೆ ಎರಡು ಮೂರು ದಿನ ಕಣ್ಣಲ್ಲಿ ಖಾರ ಬಿದ್ದ ಹಾಗೆ ಉರಿ, ನಾಲ್ಕೈದು ದಿನ ಬ್ಯಾಂಡೇಜ್ ಲೆನ್ಸ್, ಕಣ್ಣು ತಿಳಿಯಾಗಲು ವಾರಗಳು. ಇಷ್ಟು ದೊಡ್ಡ ನಂಬರಿಗೆ ಕಾರ್ನಿಯಾ ಮೇಲೆ ಹೊಗೆಯಂಥ ಮಬ್ಬು ಕೂರುವ ಅಪಾಯವೂ ಇದೆ. ಅದನ್ನು ತಡೆಯಲು ಔಷಧಿ ಹಚ್ಚುತ್ತಾರೆ. ಆದರೆ ಬಿಸಿಲಿನ ನೇರಳಾತೀತ ಕಿರಣ ಆ ಮಬ್ಬನ್ನು ಹೆಚ್ಚಿಸುತ್ತೆ. ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತಲ್ವಾ? ತಿಂಗಳುಗಟ್ಟಲೆ ಕಪ್ಪು ಕನ್ನಡಕ ಇಲ್ಲದೆ ಹೊರಗೆ ಕಾಲಿಡಬಾರದು.

ಇನ್ನೊಂದು ಐಸಿಎಲ್. ಕಾರ್ನಿಯಾವನ್ನು ಸವೆಸದೆ, ಸುಮಾರು 3 ಮಿಲಿಮೀಟರ್ ಸೀಳಿನಿಂದ ಮೆತ್ತನೆಯ ಲೆನ್ಸೊಂದನ್ನು ಮಡಚಿ ಒಳಗೆ ಬಿಡುತ್ತಾರೆ. ಅದು ಪಾಪೆಯ ಹಿಂದೆ, ಹುಟ್ಟಿನಿಂದ ಇರುವ ನಮ್ಮ ಲೆನ್ಸಿನ ಮುಂದೆ ಕೂರುತ್ತೆ. ಬೇಡ ಅನಿಸಿದರೆ ತೆಗೆಯಬಹುದು. ಕಣ್ಣಿನ ಮುಂಭಾಗದಲ್ಲಿ ಜಾಗ ಬೇಕು, ಆಳ ಕನಿಷ್ಠ 2.8 ಮಿಲಿಮೀಟರ್. ಇವಳದು 3.2. ಜಾಗ ಇದೆ. ಆದರೆ ಇದು ಕಣ್ಣಿನ ಒಳಗಿನ ಆಪರೇಷನ್. ಸೋಂಕು ಬಹಳ ಅಪರೂಪ, ಬಂದರೆ ಮಾತ್ರ ಗಂಭೀರ. ಕಣ್ಣಿನೊಳಗಿನ ಒತ್ತಡ ಏರಬಹುದು, ಮುಂದೆ ಕಣ್ಣಿನ ಪೊರೆ ಬೇಗ ಬರಬಹುದು. ದುಡ್ಡೂ ಜಾಸ್ತಿ. ಎರಡೂ ಕಣ್ಣಿಗೆ ಲಕ್ಷ ದಾಟುತ್ತೆ ಅಂದಾಗ ಅವ್ವ ಸೆರಗು ಬಾಯಿಗೆ ಹಿಡಿದರು.

ಮನೆಯವರ ಮನಸ್ಸು ಪಿಆರ್‌ಕೆ ಕಡೆ ವಾಲಿತು. ಡಾಕ್ಟರೂ ಇಲ್ಲ ಅನ್ನಲಿಲ್ಲ. ರೆಟಿನಾ, ಅಂದರೆ ಕಣ್ಣಿನ ಹಿಂದಿನ ಪರದೆ, ನೋಡಿ ಹೇಳುತ್ತೇನೆ ಅಂತ ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಲು ಹೇಳಿದರು. ಅದಕ್ಕೆ ಅರ್ಧ ಮುಕ್ಕಾಲು ಗಂಟೆ ಬೇಕು.

ಇಡೀ ಪ್ರಕರಣ ತಿರುಗಿದ್ದು ಈ ಮುಕ್ಕಾಲು ಗಂಟೆಯಲ್ಲಿ. ತಿರುಗಿಸಿದ್ದು ಡಾಕ್ಟರೂ ಅಲ್ಲ, ನಾನೂ ಅಲ್ಲ. ಡ್ರಾಪ್ಸ್ ಹಾಕುವ ನಮ್ಮ ಸಿಸ್ಟರ್. ಮೂರನೇ ಸಲ ಡ್ರಾಪ್ಸ್ ಹಾಕಿ ಬಂದು ನನಗೆ ಮೆಲ್ಲಗೆ ಅಂದರು, "ಸರ್, ಪೇಷಂಟ್ ಬಿಡ್ರಿ, ಅಕಿ ಅಣ್ಣನ ನೋಡ್ರಿ. ಬಂದಾಗಿಂದ ಕಣ್ಣ ತಿಕ್ಕಾದೇ ತಿಕ್ಕಾದು."

ಬಾಗಿಲ ಸಂದಿಯಿಂದ ನೋಡಿದೆ. ಬೆಂಚಿನ ಮೇಲೆ ಕೂತಿದ್ದಾನೆ. ಚಷ್ಮಾ ಹಣೆಯ ಮೇಲೇರಿಸಿ, ಮಡಚಿದ ಬೆರಳಿನ ಗೆಣ್ಣಿನಿಂದ ಬಲಗಣ್ಣನ್ನು ಗುಂಡಗೆ ಉಜ್ಜುತ್ತಿದ್ದಾನೆ. ಒಂದೆರಡು ಸಲ ಅಲ್ಲ. ರುಚಿ ಹತ್ತಿದವರ ಹಾಗೆ ಕಣ್ಣು ಮುಚ್ಚಿ ಉಜ್ಜುತ್ತಿದ್ದಾನೆ.

ಬಾ ತಮ್ಮಾ, ನಿನ್ನದೂ ಒಂದು ಸಲ ನೋಡೋಣ ಅಂದೆ. "ನಂದ್ಯಾಕ್ರಿ? ನಂದು ಸಣ್ಣ ನಂಬರ್ ಅದ," ಅಂದ. ದುಡ್ಡು ಬೇಡ, ಸುಮ್ನೆ ಬಾ ಅಂತ ಕರೆದೆ.

ಕತ್ತಲ ಕೋಣೆಯಲ್ಲಿ ರೆಟಿನೋಸ್ಕೋಪ್ ಹಿಡಿದೆ. ಬ್ಯಾಟರಿಯಂಥ ಉಪಕರಣ ಅದು. ಬೆಳಕಿನ ಒಂದು ಪಟ್ಟಿಯನ್ನು ಪಾಪೆಯ ಮೇಲೆ ಅತ್ತಿತ್ತ ಆಡಿಸಿದರೆ ಕಣ್ಣಿನ ಒಳಗಿಂದ ಕೆಂಪು ಹೊಳಪು ವಾಪಸ್ ಬರುತ್ತೆ. ಸರಿಯಿರುವ ಕಣ್ಣಿನಲ್ಲಿ ಆ ಹೊಳಪು ಒಂದೇ ತುಂಡಾಗಿ ಸರಿಯುತ್ತೆ. ಇವನ ಬಲಗಣ್ಣಿನಲ್ಲಿ ಅದು ನಡುವೆ ಸೀಳಿ ಎರಡಾಯಿತು. ಎರಡೂ ಪಟ್ಟಿ ಹತ್ತಿರ ಬಂದವು, ದೂರ ಹೋದವು. ಕತ್ತರಿ ಬಾಯಿ ತೆರೆದು ಮುಚ್ಚಿದ ಹಾಗೆ. ನಮ್ಮ ಕಲಿಕೆಯಲ್ಲೂ ಅದಕ್ಕೆ ಕತ್ತರಿಯ ಹೆಸರೇ. ನೋಡಿದ ಕೂಡಲೇ ಕೈ ತಣ್ಣಗಾಗುತ್ತೆ, ಯಾಕಂದರೆ ಇದರ ಅರ್ಥ ಬಹುತೇಕ ಒಂದೇ.

ಹಳೇ ಚೀಟಿ ಏನಾದರೂ ಇದೆಯಾ ಅಂತ ಕೇಳಿದೆ. ಪಾಕೀಟು ತೆಗೆದ. ಮಡಚಿ ಮಡಚಿ ಅಂಚು ಹರಿದ ಮೂರು ಚೀಟಿ. ಬಲಗಣ್ಣಿನ ಸಿಲಿಂಡರ್ ಮೂರು ವರ್ಷದ ಹಿಂದೆ 0.75. ಮರುವರ್ಷ 1.50. ಕಳೆದ ವರ್ಷ 2.25. ಇವತ್ತು ನಾನು ತೆಗೆದದ್ದು 3.50, ಅಷ್ಟು ಕೊಟ್ಟರೂ ಬೋರ್ಡಿನ ಕೊನೆಯ ಸಾಲು ಓದಲಾಗಲಿಲ್ಲ. ಎಡಗಣ್ಣೂ 0.75ರಿಂದ 1.75ಕ್ಕೆ ಬಂದಿತ್ತು.

ಮೂರರಲ್ಲಿ ಎರಡು ಚೀಟಿಯ ಮೇಲಿದ್ದದ್ದು ನನ್ನ ಅಕ್ಷರ.

ನಾವು ಮಿಲ್ಲುಗಳಿಗೆ ಕ್ಯಾಂಪ್ ಹೋಗುತ್ತೇವೆ. ಒಂದೇ ದಿನ ಎಂಬತ್ತು, ನೂರು ಜನ. ನಂಬರ್ ತೆಗೆದು, ಬರೆದು, ಮುಂದಿನವರು ಬರ್ರಿ ಅನ್ನುತ್ತೇವೆ. ಎರಡು ವರ್ಷ ಇವನೇ ನನ್ನ ಮುಂದೆ ಕೂತಿದ್ದ. ಎರಡು ವರ್ಷವೂ ಹಳೇ ಚೀಟಿ ಕೇಳಿರಲಿಲ್ಲ. ಕೇಳಿದ್ದರೆ ಒಂದು ವರ್ಷ ಮೊದಲೇ ಸಿಕ್ಕಿಬೀಳುತ್ತಿತ್ತು. ಅವನಿಗೆ ಆ ಅಕ್ಷರ ಯಾರದ್ದು ಅಂತ ಗೊತ್ತಿರಲಿಲ್ಲ. ನಾನೇ ಹೇಳಿದೆ. "ಇರ್ಲಿ ಬಿಡ್ರಿ ಸರ್," ಅಂದ. ಅದು ಇನ್ನೂ ಜಾಸ್ತಿ ಚುಚ್ಚಿತು.

ಟೊಪೋಗ್ರಫಿ ಮಾಡಿದೆವು. ಬಲಗಣ್ಣಿನ ನಕ್ಷೆಯಲ್ಲಿ ಕೆಳಗಡೆ ಕೆಂಪು ಗುಡ್ಡ ಎದ್ದಿತ್ತು. ಅತಿ ಕಡಿದಾದ ಜಾಗ 51.8 ಡಯಾಪ್ಟರ್ (ಬಾಗನ್ನು ಅಳೆಯುವ ಮಾನ), ಅತಿ ತೆಳುವಾದ ಜಾಗ 462 ಮೈಕ್ರಾನ್. ಎಡಗಣ್ಣು 47.6, 489. ಕೆರಟೋಕೋನಸ್. ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಉಬ್ಬುವ ಕಾಯಿಲೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಶುರುವಾಗುತ್ತೆ. ಅಲರ್ಜಿಯ ತುರಿಕೆ, ಕಣ್ಣುಜ್ಜುವ ಚಟ ಅದನ್ನು ಮುಂದಕ್ಕೆ ನೂಕುತ್ತವೆ. ಇವನಿಗೆ ಸಣ್ಣವನಿದ್ದಾಗಿಂದ ಬೇಸಿಗೆ ಬಂದರೆ ಕಣ್ಣು ತುರಿಕೆ, ಮೇಲೆ ಮಿಲ್ಲಿನ ಧೂಳು. ತಂಗಿಯದು ಮುಗಿದ ಮೇಲೆ ತಾನೂ ಲೇಸರ್ ಮಾಡಿಸಿಕೊಳ್ಳಬೇಕು ಅಂತ ಮನಸ್ಸಿನಲ್ಲಿತ್ತಂತೆ, ಸಣ್ಣ ನಂಬರ್ ತಾನೇ ಅಂತ. ಇಂಥ ಕಣ್ಣಿಗೆ ಲ್ಯಾಸಿಕ್ ಮಾಡಿದರೆ ಉಬ್ಬಿದ ಗೋಡೆಯನ್ನೇ ಇನ್ನಷ್ಟು ಕೆತ್ತಿದ ಹಾಗೆ. ನಂಬರ್ ಹೋಗಲ್ಲ, ಕಣ್ಣು ಹಾಳಾಗುತ್ತೆ.

"ಕಣ್ಣ ಹೋಗ್ತಾವೇನ್ರಿ?" ಅಂತ ಕೇಳಿದ್ದು ಅವ್ವ. ಅವನು ಬಾಯಿ ಬಿಡಲಿಲ್ಲ.

ಹೋಗಲ್ಲ ಯವ್ವಾ ಅಂದರು ಡಾಕ್ಟರ್. ಕ್ರಾಸ್‌ಲಿಂಕಿಂಗ್ ಅಂತ ಇದೆ. ಕಾರ್ನಿಯಾದ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಚಿಕಿತ್ಸೆ. ಚಷ್ಮಾ ಹೋಗಲ್ಲ, ಈಗಿರುವುದು ಮುಂದೆ ಕೆಡದ ಹಾಗೆ ನಿಲ್ಲಿಸುತ್ತೆ, ಅಷ್ಟೇ. ಈ ಮಾತನ್ನು ಅವರು ಮೂರು ಸಲ ಹೇಳಿದರು. ಯಾಕಂದರೆ ಮಾಡಿಸಿಕೊಂಡ ಮೇಲೆ 'ಕಾಣ್ತಾನೇ ಇಲ್ಲ, ದುಡ್ಡು ದಂಡ' ಅನ್ನುವವರು ಬಹಳ.

ಆಮೇಲೆ ತಂಗಿಯ ಫೈಲ್ ಮತ್ತೆ ಎದುರಿಗೆ ಎಳೆದುಕೊಂಡು, ಪಿಆರ್‌ಕೆ ಅಂತ ಬರೆದಿದ್ದಕ್ಕೆ ಗೀಟು ಹಾಕಿದರು. ಅವಳ ನಕ್ಷೆ ಬದಲಾಗಿರಲಿಲ್ಲ, ಒಂದು ಗಂಟೆಯ ಹಿಂದೆ ಎಷ್ಟು ಸಾಪಿತ್ತೋ ಈಗಲೂ ಅಷ್ಟೇ ಸಾಪು. ಬದಲಾಗಿದ್ದು ಮನೆತನದ ವಿವರ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ಕಾಯಿಲೆ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಬಂದೇ ಬರುತ್ತೆ ಅಂತಲ್ಲ. ಆದರೆ ಮೊದಲೇ ತೆಳ್ಳಗಿನ ಕಾರ್ನಿಯಾ, ದೊಡ್ಡ ನಂಬರ್, ಮೇಲೆ ಇದು. ಮೂರೂ ಕೂಡಿದಾಗ ಕಾರ್ನಿಯಾಕ್ಕೆ ಲೇಸರ್ ಮುಟ್ಟಿಸಬಾರದು. ಮಾಡಿಸಿದರೆ ಐಸಿಎಲ್, ಇಲ್ಲವಾದರೆ ಚಷ್ಮಾ.

'ಕುಟುಂಬದಲ್ಲಿ ಯಾರಿಗಾದರೂ ಕಣ್ಣಿನ ಕಾಯಿಲೆ ಇದೆಯಾ' ಅನ್ನುವ ಸಾಲು ನಮ್ಮ ಫಾರ್ಮಿನಲ್ಲಿ ಇದೆ. ಮೊದಲ ದಿನವೇ ಅವಳು 'ಇಲ್ಲ' ಅಂತ ತುಂಬಿದ್ದಳು. ಸುಳ್ಳಲ್ಲ. ಯಾರಿಗೂ ಗೊತ್ತಿರಲಿಲ್ಲ.

ಮನೆಯ ಲೆಕ್ಕ

ಅಪ್ಪನಿಗೆ ಆರು ಎಕರೆ ಒಣಬೇಸಾಯ, ತೊಗರಿ. ವರ್ಷಕ್ಕೆ ಒಂದೇ ಬೆಳೆ. ಮದುವೆಗೆ ಅಂತ ಕೂಡಿಟ್ಟಿದ್ದರಲ್ಲೇ ಎಲ್ಲ ಆಗಬೇಕು. ಇನ್ಷೂರೆನ್ಸ್ ಇದೆಯಾ ಅಂತ ಕೇಳಿದೆ, ಇರಲಿಲ್ಲ. ಇದ್ದಿದ್ದರೆ ಒಂದು ತಮಾಷೆ ಆಗುತ್ತಿತ್ತು. ನಮ್ಮ ದೇಶದ ಆರೋಗ್ಯ ವಿಮೆಯ ನಿಯಮದಲ್ಲಿ 7.5 ಡಯಾಪ್ಟರ್‌ಗಿಂತ ಕಡಿಮೆ ನಂಬರಿನ ದೃಷ್ಟಿ ತಿದ್ದುಪಡಿಗೆ ದುಡ್ಡು ಕೊಡಲ್ಲ. ಸಿಲಿಂಡರ್ ಬಿಟ್ಟು ನೋಡಿದರೆ ಇವಳ ಒಂದು ಕಣ್ಣು ಗೆರೆಯ ಆಚೆ, ಇನ್ನೊಂದು ಈಚೆ!

ನಿರ್ಧಾರ ಮಾಡಿದ್ದು ಹುಡುಗಿ. ಎರಡು ದಿನ ಬಿಟ್ಟು ಒಬ್ಬಳೇ ಬಂದಳು. "ಅಣ್ಣಂದು ಮೊದಲ ಮಾಡ್ರಿ. ನಂದು ಚಷ್ಮಾದಾಗ ನಡೀತದ." ಸರಿಯಾದ ಮಾತು. ಅವಳ ಮೈನಸ್ 8 ನಾಳೆಯೂ ಮೈನಸ್ 8. ಅವನ ಕಾರ್ನಿಯಾ ತಿಂಗಳು ತಿಂಗಳು ಜಾರುತ್ತಿತ್ತು. ಅದೂ ಅಲ್ಲದೆ 462ರಲ್ಲಿ ಸಿಪ್ಪೆ ಕಳೆದರೆ 412. ಕ್ರಾಸ್‌ಲಿಂಕಿಂಗ್ ಮಾಡಲು 400 ಉಳಿದಿರಬೇಕು. ಇನ್ನೊಂದು ವರ್ಷ ತಡ ಆಗಿದ್ದರೆ ಮಾಮೂಲಿ ವಿಧಾನದ ಬಾಗಿಲೂ ಮುಚ್ಚಿರುತ್ತಿತ್ತು.

ಅವಳಿಗೆ ಒಂದು ಮಾತು ಹೇಳಿ ಕಳಿಸಿದೆ. ಬಸಿರು, ಬಾಣಂತನದ ಹೊತ್ತಿನಲ್ಲಿ ಈ ಆಪರೇಷನ್ ಮಾಡಲ್ಲ, ನಂಬರ್ ಹೆಚ್ಚು ಕಡಿಮೆ ಆಗಬಹುದು, ಡ್ರಾಪ್ಸೂ ಎಲ್ಲ ಆಗಲ್ಲ. ಹಾಗಾಗಿ ಮದುವೆ ಆದ ಮೇಲೆ ಮಾಡಿಸುವುದಾದರೆ ಗಂಡನ ಜೊತೆ ಮಾತಾಡಿ ಸಮಯ ನೋಡಿಕೋ ಅಂದೆ. ಅವ್ವನ ಮುಂದೆ ಇದನ್ನು ಹೇಳಲಾಗುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಅಣ್ಣನ ಬಲಗಣ್ಣು. ಕಣ್ಣು ಮರಗಟ್ಟಿಸುವ ಡ್ರಾಪ್ಸ್ ಹಾಕಿ ಮೇಲಿನ ಸಿಪ್ಪೆ ತೆಗೆದರು. ಅರ್ಧ ಗಂಟೆ ಕೆಲವು ನಿಮಿಷಕ್ಕೊಮ್ಮೆ ರೈಬೋಫ್ಲೇವಿನ್ ಹನಿ. ಬಿ2 ವಿಟಮಿನ್ ಅದು, ಅರಿಶಿನದ ನೀರಿನ ಹಾಗೆ ಹಳದಿ. ಆಮೇಲೆ ಇನ್ನೂ ಅರ್ಧ ಗಂಟೆ ನೇರಳಾತೀತ ಬೆಳಕಿನ ಕೆಳಗೆ ಅಲುಗದೆ ಮಲಗಬೇಕು. ಜರ್ಮನಿಯ ಡ್ರೆಸ್ಡನ್‌ನ ವೈದ್ಯರು ರೋಗಿಗಳ ಮೇಲಿನ ಮೊದಲ ಫಲಿತಾಂಶ ಪ್ರಕಟಿಸಿದ್ದು 2003ರಲ್ಲಿ. ಬೇಗ ಮುಗಿಸುವ ವಿಧಾನಗಳೂ ಬಂದಿವೆ. ನಮ್ಮ ಡಾಕ್ಟರಿಗೆ ಹಳೆಯದರ ಮೇಲೆ ನಂಬಿಕೆ.

ಎರಡು ರಾತ್ರಿ ನಿದ್ದೆ ಇಲ್ಲದೆ ಒದ್ದಾಡಿದ. "ಮೆಣಸಿನಕಾಯಿ ಕುಟ್ಟೋ ಮುಂದ ಕಣ್ಣ ತೆಗದಂಗ ಆಗ್ಲಿಕ್ಕತ್ತದ್ರಿ," ಅಂತ ಫೋನು. ಐದನೇ ದಿನ ಬ್ಯಾಂಡೇಜ್ ಲೆನ್ಸ್ ತೆಗೆದೆವು. ತಿಂಗಳ ತನಕ ಮಬ್ಬು. ಎರಡು ವಾರ ಮಿಲ್ಲಿಗೆ ಹೋಗಬೇಡ ಅಂದಿದ್ದು ಪಾಲಿಸಿದ. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಗೆ ಹೋಗಬೇಡ, ಧೂಳು ಅಂದಿದ್ದೆ. ಅದನ್ನು ಪಾಲಿಸಲಿಲ್ಲ. ಮಿಲ್ಲಿನ ಪ್ಲಾಸ್ಟಿಕ್ ಗಾಗಲ್ ಹಾಕಿಕೊಂಡು ತೇರು ನೋಡಿ ಬಂದ. ಏಪ್ರಿಲ್‌ನಲ್ಲಿ ಎಡಗಣ್ಣು.

ಮೇನಲ್ಲಿ ಮದುವೆ. ನಾನೂ ಹೋಗಿದ್ದೆ. ಹುಡುಗಿ ಚಷ್ಮಾ ಹಾಕಿಕೊಂಡೇ ಹಸೆಗೆ ಕೂತಿದ್ದಳು. ಹುಡುಗನಿಗೂ ಚಷ್ಮಾ.

ಸೆಪ್ಟೆಂಬರ್‌ನಲ್ಲಿ ಗಂಡನ ಜೊತೆ ಬಂದಳು. ಅರ್ಧ ದುಡ್ಡು ಅವಳ ಪಗಾರದಲ್ಲಿ ಉಳಿಸಿದ್ದು, ಅರ್ಧ ಅವನದು. ರೆಟಿನಾ ಮತ್ತೆ ನೋಡಿದಾಗ ಎಡಗಣ್ಣಿನ ಅಂಚಿನಲ್ಲಿ ತೆಳುವಾದ ಒಂದು ಪಟ್ಟಿ ಕಂಡಿತು. ದೊಡ್ಡ ನಂಬರಿನವರಲ್ಲಿ ಇದು ಆಗಾಗ ಸಿಗುತ್ತೆ, ಯಾಕಂದರೆ ಅವರ ಕಣ್ಣುಗುಡ್ಡೆಯೇ ಉದ್ದ. ಅದರ ಸುತ್ತ ಬೇರೆ ತರಹದ ಲೇಸರ್‌ನಿಂದ ಬೇಲಿ ಹಾಕಿದಂತೆ ಚುಕ್ಕೆ ಹಾಕಿದರು. ಚಷ್ಮಾ ಹೋದರೂ ಕಣ್ಣಿನ ಉದ್ದ ಹೋಗಲ್ಲ. ವರ್ಷಕ್ಕೊಮ್ಮೆ ರೆಟಿನಾ ತೋರಿಸುವುದು ಅವಳಿಗೆ ಜೀವನಪೂರ್ತಿ. ಹಾಗೇ ನಲವತ್ತು ದಾಟಿದ ಮೇಲೆ ಎಲ್ಲರ ಹಾಗೆ ಚಾಳೀಸು ಬೇಕಾಗುತ್ತೆ. ಇದನ್ನೂ ಮೊದಲೇ ಹೇಳಿ ಸಹಿ ಹಾಕಿಸಿಕೊಂಡೆವು.

ಅವಳ ಅಳತೆಗೆ ಸಿಲಿಂಡರ್ ಕೂಡ ಇರುವ ಲೆನ್ಸ್ ಆರ್ಡರ್ ಕೊಟ್ಟು ತರಿಸಬೇಕಾಯಿತು. ಬರಲು ಕೆಲವು ವಾರ ಹಿಡಿಯಿತು. ಮೊದಲು ಬಲಗಣ್ಣು, ಒಂದು ವಾರ ಬಿಟ್ಟು ಎಡಗಣ್ಣು. ಟೇಬಲ್ ಮೇಲಿದ್ದದ್ದು ಇಪ್ಪತ್ತು ನಿಮಿಷ. ನೋವಾಗಲಿಲ್ಲ, ಒತ್ತಿದ ಹಾಗೆ ಆಯಿತು ಅಂದಳು. ಅವತ್ತೇ ಸಂಜೆ ಒತ್ತಡ ನೋಡಿದಾಗ 24, ಸ್ವಲ್ಪ ಜಾಸ್ತಿ. ಮಾತ್ರೆ ಕೊಟ್ಟು ಕೂರಿಸಿಕೊಂಡೆವು. ಮರುದಿನ 16. ಹಾಕಿದ ಲೆನ್ಸಿಗೂ ಅವಳ ಸ್ವಂತ ಲೆನ್ಸಿಗೂ ನಡುವಿನ ಸಂದು 520 ಮೈಕ್ರಾನ್. ಈ ಸಂದು ತೀರಾ ಕಡಿಮೆಯಾದರೆ ಪೊರೆ, ತೀರಾ ಜಾಸ್ತಿಯಾದರೆ ಒತ್ತಡ. ನಡುವೆ ಬಂತು ಅಂತ ಡಾಕ್ಟರ್ ಉಸಿರು ಬಿಟ್ಟರು.

ಎರಡೂ ಕಣ್ಣು ಮುಗಿದ ವಾರಕ್ಕೆ ಕೊನೆಯ ಸಾಲು ಓದಿದಳು. ಖುಷಿಯೇ. ಆದರೆ ದೂರೂ ಇತ್ತು. ರಾತ್ರಿ ಟ್ಯೂಬ್‌ಲೈಟ್, ಬೈಕಿನ ಲೈಟಿನ ಸುತ್ತ ಬಳೆ ಕಾಣುತ್ತೆ. ಈ ಲೆನ್ಸಿನ ನಡುವೆ ನೀರು ಹರಿಯಲು ಸೂಜಿಮೊನೆಯಷ್ಟು ತೂತಿದೆ. ಬಳೆ ಬರುವುದು ಅದರಿಂದ. ದಿನ ಕಳೆದಂತೆ ಮಿದುಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಡುತ್ತೆ. ಇನ್ನೊಂದು, ಮಕ್ಕಳ ನೋಟ್‌ಬುಕ್ ತಿದ್ದುವಾಗ ಕಣ್ಣು ದಣಿಯುತ್ತೆ. ದೊಡ್ಡ ಮೈನಸ್ ಚಷ್ಮಾದೊಳಗಿಂದ ಓದುವಾಗ ಕಣ್ಣಿಗೆ ಶ್ರಮ ಕಡಿಮೆ, ಈಗ ಪೂರ್ತಿ ಶ್ರಮ ಕಣ್ಣೇ ಪಡಬೇಕು. ಅದೂ ರೂಢಿ ಆಗುತ್ತೆ.

ಮೂರನೆಯದು ನನಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. "ಸರ್, ನಾ ಸಣ್ಣ ಸಣ್ಣ ರೊಟ್ಟಿ ಬಡೀಲಿಕ್ಕತ್ತೀನಂತ. ಅತ್ತಿ ಬೈತಾರ." ಎರಡು ನಿಮಿಷ ಬೇಕಾಯಿತು ಅರ್ಥ ಆಗಲು. ಮೈನಸ್ 8 ಗಾಜು ಎಲ್ಲವನ್ನೂ ಸಣ್ಣದಾಗಿ ತೋರಿಸುತ್ತೆ. ಅಷ್ಟು ವರ್ಷ ಅವಳು ಸಣ್ಣಗೆ ಕಂಡ ರೊಟ್ಟಿಯನ್ನೇ ಸರಿಯಾದ ಅಳತೆ ಅಂತ ಬಡಿದಿದ್ದಳು. ಈಗ ರೊಟ್ಟಿ ದೊಡ್ಡದಾಗಿ ಕಾಣುತ್ತೆ, ಬೇಗ ಕೈ ನಿಲ್ಲಿಸುತ್ತಾಳೆ. ಹಂಚಿನ ಅಂಚು ನೋಡಿಕೊಂಡು ಬಡಿ ತಂಗೀ ಅಂದೆ. ಗಂಡ ನಕ್ಕು ನಕ್ಕು ಕೆಮ್ಮಿದ.

ಅಣ್ಣನ ಬಲಗಣ್ಣು ಆರು ತಿಂಗಳ ನಕ್ಷೆಯಲ್ಲಿ 51.2. ನಿಂತಿದೆ. ಗಟ್ಟಿ ಲೆನ್ಸ್ ಇಟ್ಟು ನೋಡಿದರೆ ಕೊನೆಯ ಸಾಲು ಓದುತ್ತಾನೆ. ಆದರೆ ಮಿಲ್ಲಿನ ಧೂಳು ಅದರ ಅಡಿಗೆ ಹೋಗಿ ಕಣ್ಣು ಕೆರೆಯುತ್ತೆ. ಬಿಳಿಗುಡ್ಡೆಯ ಮೇಲೆ ಕೂರುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಆದರೆ ಧೂಳು ಒಳಗೆ ನುಗ್ಗಲ್ಲ. ಬೆಲೆ ಕೇಳಿ, ಮುಂದಿನ ರಾಶಿ ಆಗ್ಲಿ ಅಂದ. ಅಲರ್ಜಿ ಡ್ರಾಪ್ಸ್ ಬಿಡದೆ ಹಾಕುತ್ತಿದ್ದಾನೆ. ಉಜ್ಜುವುದು ಪೂರ್ತಿ ಬಿಟ್ಟಿದ್ದಾನೆ ಅಂತ ಅವನು ಹೇಳುತ್ತಾನೆ. ಪೂರ್ತಿ ಅಲ್ಲ ಅಂತ ಅವ್ವ ಹೇಳುತ್ತಾರೆ.

ನವೆಂಬರ್‌ನಲ್ಲಿ ಅವ್ವ ಒಬ್ಬರೇ ಬಂದರು, ಸಣ್ಣ ಮಗನ ಕೈ ಹಿಡಿದುಕೊಂಡು. ಒಂಬತ್ತನೇ ಇಯತ್ತೆ. ಮೈನಸ್ 1, ಚಷ್ಮಾ ಆಗಿ ಆರು ತಿಂಗಳು. "ಇವಂದೂ ಆ ಬಣ್ಣದ ನಕ್ಷಾ ತೆಗೀರಿ ಯಪ್ಪಾ," ಅಂದರು. ತೆಗೆದೆ. ಸದ್ಯಕ್ಕೆ ಹಸಿರು, ಗುಡ್ಡ ಇಲ್ಲ. ಆರು ತಿಂಗಳಿಗೆ ಮತ್ತೆ ಬರಬೇಕು ಅಂತ ತಾರೀಕು ಬರೆದುಕೊಟ್ಟು, ಚೀಟಿ ಬಿಸಾಕಬೇಡ್ರಿ ಅಂದೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡರು.